ಇಟ್ಟಿಗೆ ಕಲ್ಲಿನಿಂದ ಲ್ಯಾಟರೈಟಿಗೆ: ಫ್ರಾನ್ಸಿಸ್ ಬುಕಾನನ್‌ನ ಬದುಕು ಮತ್ತು ಘಟ್ಟದ ಮೇಲಿನ ಶಿಲಾಸ್ತರಗಳು

ಕನ್ನಡ ನಾಡಿನ ಸಾಮಾಜಿಕ ಚರಿತ್ರೆಯನ್ನು ಅಭ್ಯಸಿಸುವವರಿಗೆ ಫ್ರಾನ್ಸಿಸ್ ಬುಕಾನನ್ ಅಪರಿಚಿತನಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷವೇ ಈ ಪ್ರದೇಶವನ್ನು ಸುತ್ತಿ, ಬೆಳೆ, ಜಾತಿ, ಕಸುಬು, ಕಂದಾಯಗಳ ವಿವರಗಳನ್ನು ದಾಖಲಿಸಿದ ಪ್ರವಾಸಿಯಾಗಿ ಆತ ಮತ್ತೆ ಮತ್ತೆ ಉಲ್ಲೇಖಗೊಂಡಿದ್ದಾನೆ. ಆದರೆ ಜಗತ್ತಿನ ಭೂವಿಜ್ಞಾನದ ಪರಿಭಾಷೆಗೆ ಒಂದು ಶಾಶ್ವತ ಪದವನ್ನು ಸೇರಿಸಿದವನೂ ಆತನೇ ಎಂಬುದು, ಆ ಪದದ ಮೂಲ ದಕ್ಷಿಣ ಭಾರತದ ಕಲ್ಲು ಕಡಿಯುವವರ ಮಾತಿನಲ್ಲಿದೆ ಎಂಬುದು ನಮ್ಮ ಸಾಹಿತ್ಯಕ ಅಧ್ಯಯನಗಳಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆತನ ಬದುಕನ್ನು ಈ ನೆಲೆಯಿಂದ ನೋಡಿದಾಗ ವಸಾಹತುಶಾಹಿ ಜ್ಞಾನ ಮತ್ತು ದೇಶಿ ಜ್ಞಾನಗಳ ಸಂಬಂಧ ಹೆಚ್ಚು ಸಂಕೀರ್ಣವಾಗಿ ಕಾಣತೊಡಗುತ್ತದೆ.

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್‌ಲೆಂಡಿನ ಕ್ಯಾಲಂಡರ್ ಪರಿಸರದಲ್ಲಿ. ತಂದೆ ವೈದ್ಯ. ಮನೆತನದ ಆಸ್ತಿ ಹಿರಿಯ ಮಕ್ಕಳಿಗೆ ಹೋಗುವ ವ್ಯವಸ್ಥೆಯಲ್ಲಿ ಕಿರಿಯ ಮಗನಾದ ಆತನಿಗೆ ವೃತ್ತಿಯೊಂದು ಅನಿವಾರ್ಯವಾಗಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಪದವಿ ಪಡೆದನು. ಜಾನ್ ಹೋಪ್ ಅವರ ಬಳಿ ಕಲಿತ ಸಸ್ಯಶಾಸ್ತ್ರ ಆತನ ಜೀವನದುದ್ದಕ್ಕೂ ಮೊದಲ ಒಲವಾಗಿ ಉಳಿಯಿತು. ಅದೇ ನಗರದಲ್ಲಿ 1785ರಲ್ಲಿ ಜೇಮ್ಸ್ ಹಟನ್ ಭೂಮಿಯ ರಚನೆಯನ್ನು ಕುರಿತ ತನ್ನ ಸಿದ್ಧಾಂತವನ್ನು ಮಂಡಿಸಿದನು. ನೆಲ ಸವೆದು, ಹೂಳಾಗಿ ಸಮುದ್ರ ಸೇರಿ, ಪದರಪದರವಾಗಿ ಕಲ್ಲಾಗಿ ಮತ್ತೆ ಮೇಲೇಳುತ್ತದೆ ಎಂಬುದು ಅದರ ತಿರುಳು. ಎಲ್ಲ ಶಿಲೆಗಳೂ ಆದಿಸಮುದ್ರದ ನೀರಿನಿಂದಲೇ ಕೆಳಗಿಳಿದು ಸ್ತರಗಳಾದವು ಎಂಬ ಜರ್ಮನಿಯ ವೆರ್ನರ್ ಪಂಥಕ್ಕೂ ಹಟನ್‌ನ ಅನುಯಾಯಿಗಳಿಗೂ ಆ ಕಾಲದಲ್ಲಿ ತೀವ್ರ ವಾಗ್ವಾದ ನಡೆದಿತ್ತು. ಕಲ್ಲಿನಲ್ಲಿ ಪದರವಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಮಹತ್ವ ಬಂದ ಯುಗ ಅದು.

ಕೆಲವು ವರ್ಷ ಹಡಗುಗಳಲ್ಲಿ ವೈದ್ಯನಾಗಿ ದುಡಿದ ಬುಕಾನನ್ 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದನು. 1795ರಲ್ಲಿ ಬರ್ಮಾದ ಆವಾ ರಾಜ್ಯಕ್ಕೆ ಹೋದ ನಿಯೋಗದ ಜೊತೆ ಹೋಗಿ ಸಸ್ಯಗಳನ್ನು ಸಂಗ್ರಹಿಸಿದನು. 1798ರಲ್ಲಿ ಚಿತ್ತಗಾಂಗ್ ಪ್ರದೇಶವನ್ನು ಪರಿಶೀಲಿಸಿದನು. ಈ ಅನುಭವವೇ ಆತನನ್ನು ದಕ್ಷಿಣಕ್ಕೆ ಕರೆತಂದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೈವಶವಾದ ನಾಡಿನ ಸಂಪತ್ತನ್ನು ತಿಳಿಯಬೇಕಾಗಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿ, 1800ರಲ್ಲಿ ಮೈಸೂರು, ಕೆನರಾ, ಮಲಬಾರ್‌ಗಳ ಸಮೀಕ್ಷೆಯನ್ನು ಆತನಿಗೆ ವಹಿಸಿದನು. ಬೇಸಾಯ, ಜಾನುವಾರು, ಕೈಕಸುಬು, ಜನರ ಸ್ಥಿತಿಗತಿಗಳ ಜೊತೆಗೆ ಗಣಿ, ಕಲ್ಲುಕ್ವಾರಿ, ಖನಿಜಗಳ ವಿಚಾರಣೆಯೂ ಆಜ್ಞೆಯಲ್ಲಿ ಸೇರಿತ್ತು. ಆದ್ದರಿಂದ ಆತನ ಪ್ರವಾಸವನ್ನು ನಿರಪೇಕ್ಷ ಜ್ಞಾನಾನ್ವೇಷಣೆ ಎಂದು ತಿಳಿಯುವಂತಿಲ್ಲ. ಅದು ಆಳುವವರ ಅಗತ್ಯದಿಂದ ಹುಟ್ಟಿದ ಕೆಲಸ. ಹಾಗೆಂದು ಅದರೊಳಗಿನ ಸೂಕ್ಷ್ಮ ಅವಲೋಕನದ ಬೆಲೆ ಕುಗ್ಗುವುದಿಲ್ಲ.

1800ರ ಏಪ್ರಿಲ್ 23ರಂದು ಮದರಾಸನ್ನು ಬಿಟ್ಟ ಬುಕಾನನ್ 1801ರ ಜುಲೈ ತಿಂಗಳಲ್ಲಿ ಅಲ್ಲಿಗೇ ಮರಳಿದನು. ದಿನದ ಪಯಣ ಮುಗಿದ ಮೇಲೆ ಊರಿನ ರೈತರನ್ನೂ ಕಸುಬುದಾರರನ್ನೂ ಕರೆಸಿ, ದುಭಾಷಿಗಳ ಮೂಲಕ ಪ್ರಶ್ನಿಸಿ, ಉತ್ತರಗಳನ್ನು ಬರೆದಿಡುವುದು ಆತನ ಕ್ರಮ. ಮೈಸೂರು ಸೀಮೆಯಲ್ಲಿ ಶಿಲಾಸ್ತರಗಳು ನೆಟ್ಟಗೆ ನಿಂತಿರುವುದನ್ನೂ ಉತ್ತರ–ದಕ್ಷಿಣವಾಗಿ ಹಾಯುವುದನ್ನೂ ಆತ ಗುರುತಿಸಿದನು. ಹೀಗೆ ಪದರಗಳನ್ನು ನೋಡುತ್ತ ಬಂದ ಕಣ್ಣಿಗೆ, 1800ರ ಡಿಸೆಂಬರಿನಲ್ಲಿ ಮಲಬಾರಿನ ಅಂಗಾಡಿಪುರಂನಲ್ಲಿ ಪದರವೇ ಇಲ್ಲದ ಕಲ್ಲೊಂದು ಎದುರಾಯಿತು. ಗ್ರಾನೈಟಿನ ಮೇಲೆ ಭಾರಿ ಮುದ್ದೆಯಾಗಿ ಕೂತ, ಮೈತುಂಬ ರಂಧ್ರಗಳಿರುವ, ಕೆಂಪು–ಹಳದಿ ಬಣ್ಣದ, ಕಬ್ಬಿಣದ ಅಂಶ ಹೇರಳವಾಗಿರುವ ಕಲ್ಲು ಅದು. ನೆಲದೊಳಗೆ ಗಾಳಿ ತಾಗದಂತಿರುವಾಗ ಕಬ್ಬಿಣದ ಸಾಧನಕ್ಕೆ ಸುಲಭವಾಗಿ ಬಗ್ಗುವ ಅದು, ಚೌಕವಾಗಿ ಕಡಿದು ಹೊರಗಿಟ್ಟರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು. ಸ್ಥಳೀಯರ ಹಲವು ನುಡಿಗಳಲ್ಲಿ ಅದಕ್ಕೆ ಇಟ್ಟಿಗೆ ಕಲ್ಲು ಎಂಬ ಅರ್ಥದ ಹೆಸರಿರುವುದನ್ನು ಆತ ಬರೆದುಕೊಂಡನು. ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಪದದಿಂದಲೇ ಲ್ಯಾಟರೈಟ್ ಎಂಬ ಹೆಸರನ್ನು ಕಟ್ಟಿದನು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಒಂದು, ಇದು ಹೊಸ ನಾಮಕರಣವೆನ್ನುವುದಕ್ಕಿಂತ ಅನುವಾದ. ಕಲ್ಲು ಕಡಿಯುವವರು ತಮ್ಮ ಅನುಭವದಿಂದ ಅದರ ಗುಣವನ್ನೇ ಹೆಸರಾಗಿಸಿದ್ದರು. ಬುಕಾನನ್ ಆ ಗ್ರಹಿಕೆಯನ್ನು ಯುರೋಪಿನ ವಿದ್ವತ್ತಿನ ಭಾಷೆಗೆ ದಾಟಿಸಿದನು. ಹೆಸರಿನ ಮೂಲವನ್ನು ಆತ ಮುಚ್ಚಿಡಲಿಲ್ಲ, ಆದರೆ ಹೇಳಿದವರ ಹೆಸರುಗಳು ಆ ದಾಖಲೆಯಲ್ಲಿಲ್ಲ. ಎರಡು, ಈ ಪದವನ್ನು ಯಾವುದೇ ಒಂದು ಭಾಷೆಯ ಸೊತ್ತೆಂದು ಸಾಧಿಸಹೊರಡುವುದು ಸರಿಯಲ್ಲ. ಅಂಗಾಡಿಪುರಂ ಮಲಯಾಳ ನುಡಿಯ ಪ್ರದೇಶ; ಕಲ್ಲು ಎಂಬುದು ಕನ್ನಡ, ಮಲಯಾಳಗಳೆರಡರಲ್ಲೂ ಇರುವ ಶಬ್ದ; ಇಟ್ಟಿಗೆಯ ಮೂಲ ಸಂಸ್ಕೃತದ ಇಷ್ಟಿಕಾ. ಆದರೂ ಕನ್ನಡದ ಜಂಬಿಟ್ಟಿಗೆ ಎಂಬ ಮಾತಿನೊಳಗೆ ಇಟ್ಟಿಗೆ ಕುಳಿತಿರುವುದು ಈ ಗ್ರಹಿಕೆ ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಸಾಕ್ಷಿ. ಉತ್ತರ ಕನ್ನಡದಲ್ಲಿ ಅದೇ ಕಲ್ಲು ಚಿರೇಕಲ್ಲು, ಕೆಂಪುಕಲ್ಲು ಎಂದೂ ಬಳಕೆಯಲ್ಲಿದೆ.

1801ರ ಆರಂಭದಲ್ಲಿ ಕೆನರಾ ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗಿ, ಹೊನ್ನಾವರ, ಗೋಕರ್ಣ, ಅಂಕೋಲೆಗಳನ್ನು ದಾಟಿ ಸದಾಶಿವಗಡವನ್ನು ತಲುಪಿದ ಬುಕಾನನ್, ಅಲ್ಲಿಂದ ಕದ್ರಾ ಮಾರ್ಗವಾಗಿ ಘಟ್ಟ ಹತ್ತಿ ಯಲ್ಲಾಪುರಕ್ಕೆ ಬಂದನು. ಮುಂದೆ ಸೋದೆ, ಶಿರಸಿ, ಬನವಾಸಿಗಳ ಮೂಲಕ ಚಂದ್ರಗುತ್ತಿಗೆ, ಅಲ್ಲಿಂದ ಇಕ್ಕೇರಿ–ನಗರಗಳ ಕಡೆಗೆ ಆತನ ದಾರಿ. ಇಂದಿನ ಯಲ್ಲಾಪುರ, ಶಿರಸಿ ತಾಲ್ಲೂಕುಗಳನ್ನು ಹಾದು ಸಿದ್ದಾಪುರದ ಸೆರಗಿನಲ್ಲಿ ಸಾಗಿದ ಈ ಪಯಣದಲ್ಲಿ ಆತ ಕಂಡದ್ದು ಯುದ್ಧಗಳಿಂದ ಸೊರಗಿದ್ದ ನಾಡು. ಅರಸರ ರಾಜಧಾನಿಯಾಗಿದ್ದ ಸೋದೆ ಹಾಳುಬಿದ್ದಿತ್ತು. ಅದರ ನಡುವೆಯೂ ಕಣಿವೆಗಳಲ್ಲಿ ಹವ್ಯಕರು ಬೆಳೆಸಿದ್ದ ಅಡಿಕೆ, ಮೆಣಸು, ಏಲಕ್ಕಿ, ವೀಳ್ಯದೆಲೆಯ ತೋಟಗಳು ಆತನ ಗಮನ ಸೆಳೆದವು. ಅವುಗಳ ಬೇಸಾಯಕ್ರಮವನ್ನು ಆತ ವಿವರವಾಗಿ ದಾಖಲಿಸಿದನು.

ಆತ ನಡೆದ ಆ ನೆಲದ ಕೆಳಗಿನ ಕಥೆ ಬೆಳಕಿಗೆ ಬರಲು ಇನ್ನೂ ಬಹಳ ಕಾಲ ಬೇಕಾಯಿತು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡ ಶಿಲಾಸಮೂಹ ಎಂದು ಹೆಸರಿಸಿದ ಪ್ರಾಚೀನ ಶಿಲೆಗಳ ಒಂದು ಪಟ್ಟಿ ಶಿವಮೊಗ್ಗೆಯಿಂದ ವಾಯವ್ಯಕ್ಕೆ ಉತ್ತರ ಕನ್ನಡವನ್ನು ಹಾಯ್ದು ಗೋವೆಯತ್ತ ಸಾಗುತ್ತದೆ. ಅದರಲ್ಲಿ ಬಹುಭಾಗ ಮೂಲತಃ ಜಲಜ ಶಿಲೆಗಳೇ. 250 ಕೋಟಿ ವರ್ಷಗಳಿಗೂ ಹಿಂದೆ ಆಗಿನ ಬೆಟ್ಟಗಳು ಸವೆದು, ಮರಳು ಮತ್ತು ಜೇಡಿ ನೀರಿನಲ್ಲಿ ಕೊಚ್ಚಿಹೋಗಿ ಸಮುದ್ರದ ತಳ ಸೇರಿದವು. ಒಂದರ ಮೇಲೊಂದು ಹೂಳಿನ ಪದರ ಬಿದ್ದಂತೆ ಅಡಿಯದು ಒತ್ತಡಕ್ಕೆ ಸಿಕ್ಕಿ ನೀರು ಹಿಂಡಿಹೋಯಿತು. ಕಣಗಳ ನಡುವೆ ಸಿಲಿಕ, ಸುಣ್ಣ, ಕಬ್ಬಿಣದ ಅಂಶಗಳು ಕೂತು ಬೆಸೆದವು. ಹೂಳು ಕಲ್ಲಾದದ್ದು ಹೀಗೆ. ಸುಣ್ಣದಂಶ ನೆಲೆನಿಂತಲ್ಲಿ ಸುಣ್ಣಕಲ್ಲಾಯಿತು. ಶಿರಸಿಗೆ ಸಮೀಪದ, ಕುಮಟಾ ತಾಲ್ಲೂಕಿನ ಯಾಣದ ಶಿಖರಗಳು ಅಂಥ ಕಲ್ಲನ್ನು ಮಳೆನೀರು ಕರಗಿಸಿ ಕೊರೆದುಳಿಸಿದ ರೂಪ. ಅನಂತರದ ಭೂಚಲನೆಗಳಲ್ಲಿ ಮಲಗಿದ್ದ ಪದರಗಳು ಮಡಿಚಿ, ಕಾದು, ರೂಪಾಂತರಗೊಂಡು ನೆಟ್ಟಗೆ ನಿಂತವು. ಬುಕಾನನ್ ಮೈಸೂರಿನಲ್ಲಿ ಬರೆದುಕೊಂಡ ಲಂಬ ಸ್ತರಗಳಿಗೆ ಕಾರಣ ಇಂಥ ಮಡಿಕೆಗಳೇ.

ಜಂಬಿಟ್ಟಿಗೆಯ ಹುಟ್ಟು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದದ್ದು. ಅದು ಬೇರೆಡೆಯಿಂದ ಬಂದು ಕೂತದ್ದಲ್ಲ, ಇದ್ದಲ್ಲೇ ಕಲ್ಲು ಕೊಳೆತು ಉಳಿದದ್ದು. ಬಿಸಿ ಹವೆಯಲ್ಲಿ ಮುಂಗಾರಿನ ಧಾರಾಕಾರ ಮಳೆ ಮತ್ತು ಬೇಸಗೆಯ ಒಣಗು ಸರದಿಯಾಗಿ ಬಂದಾಗ ಶಿಲೆಯ ಸಿಲಿಕ, ಸುಣ್ಣ, ಪೊಟ್ಯಾಷ್ ಮೊದಲಾದವು ಕರಗಿ ಹೋಗುತ್ತವೆ. ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿಯುತ್ತವೆ. ಇಂಥ ಕಡೆ ನೆಲವನ್ನು ಕಡಿದು ನೋಡಿದರೆ ಮೇಲೆ ಗಟ್ಟಿ ಕವಚ, ಅದರಡಿ ಬಣ್ಣಬಣ್ಣದ ಮಚ್ಚೆಗಳ ಜೇಡಿ, ಅದರಡಿ ಬಿಳಿಯ ಮಣ್ಣು, ತೀರ ಕೆಳಗೆ ಅರೆಕೊಳೆತ ಮೂಲಶಿಲೆ ಕಾಣಬಹುದು. ನೋಟಕ್ಕೆ ಇವು ಪದರಗಳೇ. ಆದರೆ ಜಲಜ ಶಿಲೆಯ ಪದರ ಕಾಲಾನುಕ್ರಮದ ದಾಖಲೆ. ಕೆಳಗಿನದು ಮೊದಲು, ಮೇಲಿನದು ಆಮೇಲೆ. ಜಂಬಿಟ್ಟಿಗೆಯ ವಲಯಗಳಾದರೋ ಒಂದೇ ಶಿಲೆಯ ಕೊಳೆತದ ಬೇರೆ ಬೇರೆ ಹಂತಗಳು. ಕಡಿದ ಕಲ್ಲು ಗಾಳಿ ತಾಗಿ ಗಟ್ಟಿಯಾಗುವುದಕ್ಕೆ ಅದರೊಳಗಿನ ಕಬ್ಬಿಣದ ಸಂಯುಕ್ತಗಳು ನೀರಿನಂಶ ಕಳೆದುಕೊಂಡು ಹರಳುಗಟ್ಟುವುದೇ ಕಾರಣ.

ಈ ಭೇದ ಹತ್ತೊಂಬತ್ತನೆಯ ಶತಮಾನದ ಬಹುಪಾಲು ಕಾಲ ವಿವಾದದ ವಿಷಯವಾಗಿತ್ತು. ಕೆಲವರು ಜಂಬಿಟ್ಟಿಗೆಯನ್ನು ನೀರಿನಲ್ಲಿ ಶೇಖರಗೊಂಡ ಹೂಳೆಂದರು, ಕೆಲವರು ಶಿಥಿಲಗೊಂಡ ಮೂಲಶಿಲೆಯೆಂದರು. 1879ರಲ್ಲಿ ಮೆಡ್ಲಿಕಾಟ್ ಮತ್ತು ಬ್ಲಾನ್‌ಫೋರ್ಡ್ ಭಾರತದ ಭೂವಿಜ್ಞಾನದ ಕೈಪಿಡಿಯಲ್ಲಿ ಎತ್ತರದ ನೆಲೆಯ ಜಂಬಿಟ್ಟಿಗೆಯನ್ನೂ ತಗ್ಗಿನ ನೆಲೆಯದನ್ನೂ ಬೇರ್ಪಡಿಸಿದರು. ಮೇಲಿನ ಕವಚ ಒಡೆದು, ಅದರ ಚೂರುಗಳು ಇಳಿಜಾರಿನಲ್ಲಿ ಜಾರಿ, ಕಬ್ಬಿಣದ ಅಂಶದಿಂದ ಮತ್ತೆ ಬೆಸೆದುಕೊಂಡಾಗ ಜಂಬಿಟ್ಟಿಗೆಯೂ ಹೂಳಿನ ಶಿಲೆಯಾಗಬಲ್ಲದು. ಎರಡೂ ಪಕ್ಷಗಳ ಮಾತಿಗೆ ಒಂದಿಷ್ಟು ಆಧಾರವಿದ್ದದ್ದು ಹೀಗೆ. ಇವೆಲ್ಲಕ್ಕೂ ಮೊದಲೇ, ಯಾವ ಸಿದ್ಧಾಂತಕ್ಕೂ ಜೋತುಬೀಳದೆ, ಇದರಲ್ಲಿ ಸ್ತರವಿನ್ಯಾಸವಿಲ್ಲವೆಂದು ಕಂಡದ್ದನ್ನಷ್ಟೇ ಬರೆದದ್ದು ಬುಕಾನನ್‌ನ ಹಿರಿಮೆ.

ಆತ ಮೆಚ್ಚಿ ವಿವರಿಸಿದ ತೋಟಗಳಿಗೂ ಈ ಕಲ್ಲಿಗೂ ಇರುವ ನಂಟು ಇಂದಿನ ತಿಳಿವಳಿಕೆಯಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ರಂಧ್ರಮಯವಾದ ಜಂಬಿಟ್ಟಿಗೆ ಮಳೆನೀರನ್ನು ಒಳಗೆಳೆದುಕೊಳ್ಳುತ್ತದೆ. ಅಡಿಯ ಜೇಡಿ ಅದನ್ನು ತಡೆಯುತ್ತದೆ. ತಡೆದ ನೀರು ಗುಡ್ಡದ ಬುಡದಲ್ಲಿ ಒರತೆಯಾಗಿ ಕಣಿವೆಯ ತೋಟಕ್ಕೆ ಇಳಿಯುತ್ತದೆ. ಗುಡ್ಡದ ಬದಿಯ ಮಣ್ಣನ್ನು ತಂದು ಅಡಿಕೆಯ ಬುಡಕ್ಕೆ ಹೊಸಮಣ್ಣು ಹಾಕುವ ಪದ್ಧತಿ, ಸೊಪ್ಪಿನ ಬೆಟ್ಟದ ರಕ್ಷಣೆ ಮುಂತಾದವು ಸತ್ವ ತೊಳೆದುಹೋದ ನೆಲದಲ್ಲಿ ಬೇಸಾಯ ಮಾಡುವವರು ಕಂಡುಕೊಂಡ ಉಪಾಯಗಳು. ಕಲ್ಲಿಗೆ ಹೆಸರಿಟ್ಟವರಲ್ಲಿದ್ದ ತಿಳಿವಳಿಕೆಯೇ ತೋಟ ಕಟ್ಟಿದವರಲ್ಲೂ ಇತ್ತು.

ಬುಕಾನನ್‌ನ ಮುಂದಿನ ಜೀವನ ಅಪಾರ ದುಡಿಮೆ ಮತ್ತು ಅಲ್ಪ ಮನ್ನಣೆಯ ಕಥೆ. 1802ರಲ್ಲಿ ನೇಪಾಳಕ್ಕೆ ಹೋದನು. ಅನಂತರ ವೆಲ್ಲೆಸ್ಲಿಯ ವೈದ್ಯನಾದನು. ದಕ್ಷಿಣದ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ 3 ಸಂಪುಟಗಳಾಗಿ ಹೊರಬಂದಾಗ, ಅದನ್ನು ವಿಷಯವಾರು ತಿದ್ದಿ ಜೋಡಿಸುವ ಅವಕಾಶ ಆತನಿಗೆ ದೊರೆಯಲಿಲ್ಲ. ದಿನಚರಿ ಇದ್ದಂತೆಯೇ ಅಚ್ಚಾಯಿತು. ಅದು ಆತನಿಗೆ ಕೊರತೆಯಾಗಿ ಕಂಡಿರಬಹುದಾದರೂ, ಯಾವ ಊರಿನಲ್ಲಿ ಯಾವ ದಿನ ಏನು ಕಂಡಿತೆಂಬ ವಿವರ ನಮಗೆ ಉಳಿದಿರುವುದು ಅದರಿಂದಲೇ. 1807ರಿಂದ 1814ರವರೆಗೆ ಬಂಗಾಳ–ಬಿಹಾರಗಳ ಜಿಲ್ಲೆಗಳನ್ನು ಸಮೀಕ್ಷೆ ಮಾಡಿದನು; ಆ ಬೃಹತ್ ವರದಿಗಳು 1838ರಲ್ಲಿ ಮಾಂಟ್‌ಗೊಮರಿ ಮಾರ್ಟಿನ್ ಎಂಬಾತನ ಹೆಸರಿನಲ್ಲಿ ಪ್ರಕಟಗೊಂಡವು. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾದ ಆತ ಮರುವರ್ಷ ಭಾರತವನ್ನು ಬಿಡುವಾಗ, ತಾನು ಬರೆಯಿಸಿದ್ದ ಚಿತ್ರಗಳನ್ನು ಸರ್ಕಾರ ಕಲ್ಕತ್ತೆಯಲ್ಲೇ ಉಳಿಸಿಕೊಂಡಿತು. ತಾಯಿಯ ಕಡೆಯ ಆಸ್ತಿ ಬಂದಾಗ 1818ರಲ್ಲಿ ಹ್ಯಾಮಿಲ್ಟನ್ ಎಂಬ ಹೆಸರನ್ನು ಸ್ವೀಕರಿಸಿದನು. 1819ರಲ್ಲಿ ನೇಪಾಳದ ವೃತ್ತಾಂತವನ್ನೂ 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥವನ್ನೂ ಪ್ರಕಟಿಸಿ, 1829ರ ಜೂನ್ 15ರಂದು ತೀರಿಕೊಂಡನು.

1979ರಲ್ಲಿ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯು ಅಂಗಾಡಿಪುರಂನಲ್ಲಿ ಜಂಬಿಟ್ಟಿಗೆಯ ನಾಮಕರಣದ ಸ್ಮಾರಕವೊಂದನ್ನು ನಿಲ್ಲಿಸಿತು. ತನ್ನ ಬರಹ ಇನ್ನೊಬ್ಬರ ಹೆಸರಿನಲ್ಲಿ ಹೊರಬಂದ ಬುಕಾನನ್‌ಗೆ ಅದರಿಂದ ನ್ಯಾಯ ದೊರೆತಂತಾಯಿತು. ಆದರೆ ಆತ ಯಾರ ಮಾತನ್ನು ಲ್ಯಾಟಿನ್ನಿಗೆ ದಾಟಿಸಿದನೋ ಆ ಕಲ್ಲುಕುಟಿಗರು ಅನಾಮಿಕರಾಗಿಯೇ ಉಳಿದರು. ಅವರ ಹೆಸರುಗಳನ್ನು ಇನ್ನು ಹುಡುಕಿ ತರಲಾಗದು. ಅವರ ಪದಗಳನ್ನು ಉಳಿಸಿಕೊಳ್ಳಬಹುದು. ಯಂತ್ರಗಳು ಕಲ್ಲು ಕೊಯ್ಯುವ ಈ ಕಾಲದಲ್ಲಿ ಕಲ್ಲುಕುಟಿಗರು, ಬಾವಿ ತೋಡುವವರು, ತೋಟಿಗರು ಬಳಸುವ ಕಲ್ಲುಮಣ್ಣಿನ ಶಬ್ದಗಳನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಊರೂರಿಗೆ ಹೋಗಿ ಸಂಗ್ರಹಿಸುವುದು ಕನ್ನಡ ನಿಘಂಟುಶಾಸ್ತ್ರ ಮತ್ತು ಜಾನಪದ ಅಧ್ಯಯನಗಳ ಮುಂದಿರುವ ತುರ್ತು ಕೆಲಸ. ಬುಕಾನನ್ ಊರ ಮುಂದೆ ಕೂತು ಕೇಳಿ ಬರೆದುಕೊಂಡ ಕ್ರಮ ಅದಕ್ಕೆ ಇಂದಿಗೂ ಉಪಯುಕ್ತ ಮಾದರಿ. ಹೇಳಿದವರ ಹೆಸರನ್ನೂ ಬರೆದುಕೊಳ್ಳುವುದು ಆ ಮಾದರಿಗೆ ನಾವು ಸೇರಿಸಬೇಕಾದ ತಿದ್ದುಪಡಿ.