ಎಲಿಜಬೆತ್ ಬ್ಲ್ಯಾಕ್‌ವೆಲ್

ವೈದ್ಯಕೀಯ ಕಾಲೇಜಿನ ತರಗತಿಯಲ್ಲಿ ವಿದ್ಯಾರ್ಥಿನಿಯರು ಕುಳಿತು ಪಾಠ ಕೇಳುವುದು ಇಂದು ಯಾರಿಗೂ ಸೋಜಿಗವೆನಿಸದು. ಆದರೆ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಅಮೆರಿಕದಲ್ಲಿ ಅಂಥ ಒಂದು ತರಗತಿಯನ್ನು ಕಂಡವರಿರಲಿಲ್ಲ. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಪದವಿ ಪಡೆದ ಮೊದಲ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್. ತನಗೆ ದೊರೆತ ಸ್ಥಾನದಿಂದಲೇ ತೃಪ್ತಳಾಗದೆ, ತನ್ನ ಹಿಂದೆ ಬರುವವರಿಗಾಗಿ ವಿದ್ಯಾಮಂದಿರವನ್ನು ಕಟ್ಟಿದುದು ಆಕೆಯ ಹಿರಿಮೆ.

ಎಲಿಜಬೆತ್ 1821ರ ಫೆಬ್ರವರಿ 3ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದಳು. ತಂದೆ ಸ್ಯಾಮ್ಯುಯೆಲ್ ಸಕ್ಕರೆ ಶುದ್ಧೀಕರಿಸುವ ಉದ್ಯಮಿ. ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದ ಆತ ಉದಾರ ಮನಸ್ಸಿನವನು. ಗಂಡುಮಕ್ಕಳಿಗೆ ಕಲಿಸಿದ್ದನ್ನೆಲ್ಲ ಹೆಣ್ಣುಮಕ್ಕಳಿಗೂ ಕಲಿಸಿದನು. 1832ರಲ್ಲಿ ಈ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ಆರು ವರ್ಷಗಳ ತರುವಾಯ ತಂದೆ ತೀರಿಕೊಂಡಾಗ ಸಂಸಾರ ಬಡತನಕ್ಕೆ ಸಿಕ್ಕಿತು. ಹದಿನೇಳರ ಹರೆಯದ ಎಲಿಜಬೆತ್ ತಾಯಿ ಮತ್ತು ಅಕ್ಕಂದಿರೊಡನೆ ಶಾಲೆ ನಡೆಸಿ ಮನೆಯ ಭಾರ ಹೊತ್ತಳು.

ವೈದ್ಯಳಾಗಬೇಕೆಂಬ ಆಸೆ ಆಕೆಗೆ ಮೊದಲಿನಿಂದ ಇದ್ದುದಲ್ಲ. ರೋಗದ ಮಾತೆಂದರೆ ಜುಗುಪ್ಸೆಪಡುತ್ತಿದ್ದವಳು ಆಕೆ. ಒಮ್ಮೆ, ಮರಣಶಯ್ಯೆಯಲ್ಲಿದ್ದ ಗೆಳತಿಯೊಬ್ಬಳು ತನಗೆ ಮಹಿಳಾ ವೈದ್ಯೆಯ ಚಿಕಿತ್ಸೆ ದೊರೆತಿದ್ದರೆ ಇಷ್ಟು ಸಂಕಟಪಡಬೇಕಾಗುತ್ತಿರಲಿಲ್ಲವೆಂದು ಹೇಳಿ, ಎಲಿಜಬೆತ್ ವೈದ್ಯವಿದ್ಯೆಯನ್ನು ಏಕೆ ಕಲಿಯಬಾರದೆಂದು ಕೇಳಿದಳು. ಆ ಮಾತು ಆಕೆಯ ಮನಸ್ಸಿನಲ್ಲಿ ನಾಟಿತು. ಉಪಾಧ್ಯಾಯಿನಿಯಾಗಿ ದುಡಿಯುತ್ತ ಹಣ ಕೂಡಿಟ್ಟಳು. ಎರವಲು ತಂದ ವೈದ್ಯಗ್ರಂಥಗಳನ್ನು ಓದಿದಳು. ಪ್ರವೇಶಕ್ಕಾಗಿ ಬರೆದ ಪತ್ರಗಳಿಗೆ ಒಂದರ ಮೇಲೊಂದು ಕಾಲೇಜು ನಿರಾಕರಣೆಯ ಉತ್ತರವನ್ನೇ ಕಳುಹಿಸಿತು.

ಕೊನೆಗೆ ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಸಣ್ಣ ಊರಿನ ವೈದ್ಯಕೀಯ ಕಾಲೇಜು ಆಕೆಯನ್ನು ಸ್ವೀಕರಿಸಿತು. ಆ ಪ್ರವೇಶದ ಕಥೆ ವಿಚಿತ್ರವಾದುದು. ನಿರ್ಧಾರದ ಹೊಣೆಯನ್ನು ಹೊರಲಾರದ ಅಧ್ಯಾಪಕರು ಅದನ್ನು ವಿದ್ಯಾರ್ಥಿಗಳಿಗೇ ಬಿಟ್ಟರು. ಒಬ್ಬನು ಬೇಡವೆಂದರೂ ಪ್ರವೇಶವಿಲ್ಲವೆಂದು ತಿಳಿಸಿದರು. ಇದು ಯಾವುದೋ ತಮಾಷೆಯೆಂದು ಬಗೆದ ವಿದ್ಯಾರ್ಥಿಗಳು ಗದ್ದಲದ ನಡುವೆ ಒಮ್ಮತದಿಂದ ಒಪ್ಪಿಗೆಯಿತ್ತರು. 1847ರ ನವೆಂಬರ್ ತಿಂಗಳಲ್ಲಿ ಎಲಿಜಬೆತ್ ನಿಜವಾಗಿಯೂ ತರಗತಿಯ ಬಾಗಿಲಲ್ಲಿ ಕಾಣಿಸಿಕೊಂಡಾಗ ಅವರೆಲ್ಲ ಬೆರಗಾದರು. ಕೂಗಾಟಕ್ಕೆ ಹೆಸರಾಗಿದ್ದ ಆ ಕೊಠಡಿ ಅಂದು ನಿಶ್ಶಬ್ದವಾಯಿತು.

ಪ್ರವೇಶ ದೊರೆತರೂ ಆದರ ದೊರೆಯಲಿಲ್ಲ. ಬೀದಿಯಲ್ಲಿ ನಡೆದರೆ ಊರಿನ ಹೆಂಗಸರು ನಿಂತು ದಿಟ್ಟಿಸುತ್ತಿದ್ದರು. ಊಟದ ಮೇಜಿನಲ್ಲಿ ಜೊತೆಗಿದ್ದ ವೈದ್ಯನೊಬ್ಬನ ಹೆಂಡತಿ ಆಕೆಯೊಡನೆ ಮಾತನ್ನೇ ಆಡುತ್ತಿರಲಿಲ್ಲ. ಅಂಗರಚನಾಶಾಸ್ತ್ರದ ಒಂದು ಪಾಠಕ್ಕೆ ಬಾರದಿರುವುದು ಒಳಿತೆಂದು ಪ್ರಾಧ್ಯಾಪಕನು ಸೂಚಿಸಿದಾಗ ಎಲಿಜಬೆತ್ ಕೋಪಗೊಳ್ಳಲಿಲ್ಲ, ಅಳಲೂ ಇಲ್ಲ. ತಾನು ಜ್ಞಾನಾರ್ಥಿಯಾಗಿ ಬಂದವಳು, ತನ್ನನ್ನು ಹಾಗೆಯೇ ಕಾಣಬೇಕು ಎಂದು ವಿನಯದಿಂದ ಪತ್ರ ಬರೆದಳು. ಪ್ರಾಧ್ಯಾಪಕನು ಆ ಪತ್ರವನ್ನು ತರಗತಿಯಲ್ಲಿ ಓದಿದನು. ವಿದ್ಯಾರ್ಥಿಗಳು ಆಕೆಯ ಪಕ್ಷ ವಹಿಸಿದರು. ಹುಡುಗಾಟಕ್ಕಾಗಿ ಒಪ್ಪಿಗೆ ಕೊಟ್ಟಿದ್ದವರೇ ಈಗ ಮನಃಪೂರ್ವಕವಾಗಿ ಆಕೆಯನ್ನು ತಮ್ಮವಳೆಂದು ಒಪ್ಪಿಕೊಂಡರು.

1848ರ ಬೇಸಗೆಯಲ್ಲಿ ಎಲಿಜಬೆತ್ ಫಿಲಡೆಲ್ಫಿಯಾ ನಗರದ ಬಡವರ ಆಸ್ಪತ್ರೆಯಲ್ಲಿ ಕಲಿಯಲು ನಿಂತಳು. ಆಕೆ ವಾರ್ಡಿಗೆ ಬಂದರೆ ಅಲ್ಲಿದ್ದ ತರುಣ ವೈದ್ಯರು ಹೊರಗೆ ನಡೆದುಬಿಡುತ್ತಿದ್ದರು. ರೋಗಿಯ ಹಾಸಿಗೆಯ ಬಳಿಯ ಚೀಟಿಯಲ್ಲಿ ರೋಗದ ವಿವರ ಬರೆಯುವುದನ್ನೂ ಅವರು ನಿಲ್ಲಿಸಿದರು. ಆಗ ಆಕೆ ರೋಗಿಗಳನ್ನು ತಾನೇ ಪರೀಕ್ಷಿಸಿ ಕಲಿತಳು. ಐರ್ಲೆಂಡಿನ ಕ್ಷಾಮಕ್ಕೆ ಅಂಜಿ ಹಡಗುಗಳಲ್ಲಿ ಕಿಕ್ಕಿರಿದು ಬಂದ ಬಡಜನರು ಟೈಫಸ್ ಜ್ವರದಿಂದ ನರಳುತ್ತಿದ್ದರು. ಕೊಳೆ, ಇಕ್ಕಟ್ಟು ಮತ್ತು ಹಸಿವುಗಳು ರೋಗಕ್ಕೆ ಹೇಗೆ ದಾರಿಮಾಡುತ್ತವೆಂಬುದನ್ನು ಆಕೆ ಕಣ್ಣಾರೆ ಕಂಡಳು. ತನ್ನ ಪ್ರಬಂಧಕ್ಕೆ ಆ ಜ್ವರವನ್ನೇ ವಿಷಯವಾಗಿ ಆರಿಸಿಕೊಂಡಳು. ರೋಗ ಬಂದ ಮೇಲೆ ಔಷಧ ಕೊಡುವುದಕ್ಕಿಂತ, ಬಾರದಂತೆ ಜನರಿಗೆ ತಿಳಿವಳಿಕೆ ನೀಡುವುದು ವೈದ್ಯರ ಮುಖ್ಯ ಕರ್ತವ್ಯವೆಂಬ ಆಕೆಯ ನಂಬಿಕೆಗೆ ಇಲ್ಲಿ ಬೇರು ಬಿಟ್ಟಿತು.

1849ರ ಜನವರಿ 23ರಂದು ಆಕೆ ತರಗತಿಗೇ ಮೊದಲಿಗಳಾಗಿ ಪದವಿ ಪಡೆದಳು. ಹೆಚ್ಚಿನ ಅಭ್ಯಾಸಕ್ಕೆಂದು ಪ್ಯಾರಿಸಿನ ಹೆರಿಗೆ ಆಸ್ಪತ್ರೆಯನ್ನು ಸೇರಿದಳು. ಅಲ್ಲಿ ಕಣ್ಣುಬೇನೆಯಿಂದ ನರಳುತ್ತಿದ್ದ ಶಿಶುವೊಂದನ್ನು ಉಪಚರಿಸುವಾಗ ಸೋಂಕು ತಗಲಿ ಒಂದು ಕಣ್ಣನ್ನು ಕಳೆದುಕೊಂಡಳು. ಶಸ್ತ್ರವೈದ್ಯಳಾಗಬೇಕೆಂಬ ಆಕೆಯ ಹಂಬಲ ಅಲ್ಲಿಗೆ ಮುಗಿಯಿತು. ಆದರೂ ಧೃತಿಗೆಡಲಿಲ್ಲ. ಲಂಡನ್ನಿನಲ್ಲಿ ವ್ಯಾಸಂಗ ಮುಂದುವರಿಸಿ 1851ರಲ್ಲಿ ನ್ಯೂಯಾರ್ಕ್ ನಗರಕ್ಕೆ ಮರಳಿದಳು.

ಅಲ್ಲಿ ಮಹಿಳಾ ವೈದ್ಯೆಗೆ ಬಾಡಿಗೆಗೆ ಕೊಠಡಿ ಕೊಡುವವರೂ ವಿರಳವಾಗಿದ್ದರು. 1853ರಲ್ಲಿ ಬಡವರ ಬಡಾವಣೆಯೊಂದರಲ್ಲಿ ಆಕೆ ಚಿಕ್ಕ ಔಷಧಾಲಯ ತೆರೆದಳು. ತಂಗಿ ಎಮಿಲಿಯೂ ವೈದ್ಯಳಾಗಬಯಸಿದಾಗ ಜಿನೀವಾ ಕಾಲೇಜು ಆಕೆಗೆ ಬಾಗಿಲು ಮುಚ್ಚಿತು. ಎಮಿಲಿ ಬೇರೆಡೆ ಓದಿ ಪದವಿ ಪಡೆಯಬೇಕಾಯಿತು. ಒಬ್ಬಳಿಗೆ ಮಾತ್ರ ತೆರೆದು ಮತ್ತೆ ಮುಚ್ಚುವ ಬಾಗಿಲನ್ನು ನೆಚ್ಚಿ ಫಲವಿಲ್ಲವೆಂಬುದನ್ನು ಅಕ್ಕತಂಗಿಯರು ಅರಿತರು. ಮೇರಿ ಜಾಕ್‌ಷೆವ್ಸ್ಕಾ ಎಂಬ ವೈದ್ಯೆಯೂ ಅವರ ಜೊತೆಗೂಡಿದಳು. 1857ರಲ್ಲಿ ಮೂವರೂ ಸೇರಿ ಬಡ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ಸ್ಥಾಪಿಸಿದರು. ತರುಣ ವೈದ್ಯೆಯರು ಅನುಭವ ಪಡೆಯಲು ಅಲ್ಲಿ ಅವಕಾಶವಿತ್ತು. ಈ ಆಸ್ಪತ್ರೆಯಿಂದ ವೈದ್ಯೆಯರು ಬಡವರ ಮನೆಮನೆಗೆ ಹೋಗಿ ಶುದ್ಧ ಗಾಳಿ, ನೈರ್ಮಲ್ಯ, ಮಕ್ಕಳ ಪಾಲನೆಗಳ ಬಗೆಗೆ ತಾಯಂದಿರಿಗೆ ತಿಳಿಸಿಕೊಡುತ್ತಿದ್ದರು. ಕರಿಯ ಜನಾಂಗದ ರೆಬೆಕಾ ಕೋಲ್ ಎಂಬ ವೈದ್ಯೆಯೂ ಈ ಕಾರ್ಯದಲ್ಲಿ ಶ್ರಮಿಸಿದಳು.

1868ರಲ್ಲಿ ಆ ಆಸ್ಪತ್ರೆಯ ಆಶ್ರಯದಲ್ಲಿ ಮಹಿಳಾ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಮೊದಲ ವರ್ಷ 15 ಮಂದಿ ವಿದ್ಯಾರ್ಥಿನಿಯರು ಸೇರಿದರು. ಹೆಂಗಸರೆಂಬ ಕಾರಣಕ್ಕೆ ಯಾವ ರಿಯಾಯಿತಿಯೂ ಸಲ್ಲದೆಂಬುದು ಎಲಿಜಬೆತ್‌ಳ ನಿಲುವು. ಆದುದರಿಂದ ಪ್ರವೇಶ ಪರೀಕ್ಷೆ, ದೀರ್ಘಾವಧಿಯ ಅಭ್ಯಾಸ, ಹೊರಗಿನ ಪರೀಕ್ಷಕರ ಮಂಡಲಿ ಇವುಗಳನ್ನು ಏರ್ಪಡಿಸಲಾಯಿತು. ಆರೋಗ್ಯಶಾಸ್ತ್ರಕ್ಕೆ ಅಲ್ಲಿ ಪ್ರತ್ಯೇಕ ಪೀಠವಿತ್ತು. ಅದರ ಪ್ರಾಧ್ಯಾಪಕಿ ಸ್ವತಃ ಎಲಿಜಬೆತ್. ಒಂಟಿಯಾಗಿ ಕುಳಿತು ಪಾಠ ಕೇಳಿದ್ದವಳು ಈಗ ತನ್ನಂಥ ಹಲವರಿಗೆ ಪಾಠ ಹೇಳಿದಳು.

ಮರುವರ್ಷ ಕಾಲೇಜನ್ನು ಎಮಿಲಿಯ ವಶಕ್ಕೊಪ್ಪಿಸಿ ಆಕೆ ಇಂಗ್ಲೆಂಡಿಗೆ ತೆರಳಿದಳು. 1871ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಘದ ಸ್ಥಾಪನೆಗೆ ಕಾರಣಳಾದಳು. 1874ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಲಂಡನ್ನಿನಲ್ಲಿ ಮಹಿಳಾ ವೈದ್ಯಕೀಯ ಶಾಲೆಯನ್ನು ಆರಂಭಿಸಿದಾಗ ನೆರವಾಗಿ, ಮುಂದಿನ ವರ್ಷ ಅಲ್ಲಿ ಸ್ತ್ರೀರೋಗಶಾಸ್ತ್ರದ ಪ್ರಾಧ್ಯಾಪಕಿಯಾದಳು. ಭಾರತದ ಡಾ. ರಖ್ಮಾಬಾಯಿ ವೈದ್ಯವಿದ್ಯೆ ಕಲಿತುದು ಈ ಶಾಲೆಯಲ್ಲಿಯೇ.

ಎಲಿಜಬೆತ್‌ಳ ಅಭಿಪ್ರಾಯಗಳೆಲ್ಲವೂ ಸರಿಯಾಗಿದ್ದುವೆಂದು ಹೇಳಲಾಗದು. ಲಸಿಕೆಯನ್ನು ಆಕೆ ವಿರೋಧಿಸಿದಳು. ರೋಗಾಣುಶಾಸ್ತ್ರವನ್ನು ಸಂಶಯದಿಂದ ಕಂಡಳು. ವಿಜ್ಞಾನ ಈ ವಿಷಯದಲ್ಲಿ ಆಕೆಯನ್ನು ದಾಟಿ ಮುಂದೆ ಸಾಗಿತು. ಆದರೆ ನೈರ್ಮಲ್ಯವೂ ತಿಳಿವಳಿಕೆಯೂ ಆರೋಗ್ಯದ ಅಡಿಗಲ್ಲುಗಳೆಂಬ ಆಕೆಯ ಬೋಧನೆ ಸುಳ್ಳಾಗಲಿಲ್ಲ.

1898ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯ ನ್ಯೂಯಾರ್ಕಿನ ತನ್ನ ವೈದ್ಯಕೀಯ ಕಾಲೇಜಿಗೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿತು. ಎಮಿಲಿ ತನ್ನ ವಿದ್ಯಾರ್ಥಿನಿಯರನ್ನು ಅಲ್ಲಿಗೆ ಕಳುಹಿಸಿ, ಅಕ್ಕ ಕಟ್ಟಿದ ಕಾಲೇಜನ್ನು ಮುಚ್ಚಿದಳು. ಅದು ಸೋಲಾಗಿರಲಿಲ್ಲ. ಪ್ರತ್ಯೇಕ ಮನೆಯ ಅಗತ್ಯ ತೀರಿತ್ತು. ಎಲ್ಲರ ಮನೆಯ ಬಾಗಿಲು ತೆರೆದಿತ್ತು. ಅದನ್ನು ಕಂಡು, 1910ರ ಮೇ 31ರಂದು ಎಲಿಜಬೆತ್ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಕಣ್ಮುಚ್ಚಿದಳು. ನಮ್ಮ ತರಗತಿಗೆ ಹೊಸಬರೊಬ್ಬರು ಅಳುಕುತ್ತ ಕಾಲಿಟ್ಟಾಗ ಪಕ್ಕಕ್ಕೆ ಸರಿದು ಅವರಿಗೆ ಸ್ಥಳ ಮಾಡಿಕೊಡುವುದೇ ಆಕೆಗೆ ನಾವು ಸಲ್ಲಿಸಬಹುದಾದ ಗೌರವ.