ಮಿರ್ಯಾಮಳ ಜೀವಿತ

ಇಸ್ರಾಯೇಲ್ಯರು ಅರಣ್ಯದಲ್ಲಿ ಕಳೆದ 40 ವರುಷಗಳ ವೃತ್ತಾಂತವನ್ನು ಓದುವಾಗ ನಮ್ಮ ದೃಷ್ಟಿಯು ಸಾಧಾರಣವಾಗಿ ಮೋಶೆಯ ಮೇಲೆಯೇ ನಿಲ್ಲುವದು. ಆ ಮಾರ್ಗದಲ್ಲಿ ಅವನ ಅಕ್ಕನಾದ ಮಿರ್ಯಾಮಳೂ ನಡೆದಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರಿಗೆ ಆಕೆಯ ಜೀವಿತವು ತಕ್ಕ ಪಾಠವೆಂದೆಣಿಸಿ ಇಲ್ಲಿ ಸಂಕ್ಷೇಪವಾಗಿ ಬರೆದಿದ್ದೇನೆ.

ಮಿರ್ಯಾಮಳು ಲೇವಿ ಕುಲದ ಅಮ್ರಾಮನಿಗೂ ಯೋಕೆಬೆದಳಿಗೂ ಮಗಳು. ಇಬ್ರಿಯರ ಗಂಡುಕೂಸುಗಳನ್ನು ನದಿಗೆ ಹಾಕಬೇಕೆಂದು ಫರೋಹನು ಅಪ್ಪಣೆಮಾಡಿದ್ದ ಕಾಲವದು. ತಾಯಿಯು 3 ತಿಂಗಳು ಬಚ್ಚಿಟ್ಟು ಸಾಕಿದ ಕೂಸನ್ನು ಜೊಂಡಿನ ಪೆಟ್ಟಿಗೆಯಲ್ಲಿ ಮಲಗಿಸಿ ನದಿಯ ಅಂಚಿನಲ್ಲಿ ಇಟ್ಟಾಗ, ಅದಕ್ಕೆ ಏನಾಗುವದೋ ಎಂದು ಅಕ್ಕನು ದೂರದಲ್ಲಿ ನಿಂತು ನೋಡುತ್ತಿದ್ದಳು. ಆ ಅಧ್ಯಾಯದಲ್ಲಿ ಹುಡುಗಿಯ ಹೆಸರಿಲ್ಲವಾದರೂ, ಅಮ್ರಾಮನಿಗೆ ಬೇರೆ ಮಗಳಿದ್ದಳೆಂದು ವೇದವು ಎಲ್ಲಿಯೂ ತಿಳಿಸದ ಕಾರಣ ಅವಳು ಮಿರ್ಯಾಮಳೇ ಎಂದು ಹಿರಿಯರು ಗ್ರಹಿಸಿದ್ದಾರೆ. ರೇಷ್ಮೆಹುಳು ಹಣ್ಣಾಗುವ ರಾತ್ರಿ ಮನೆಯವರು ಕಣ್ಣುಮುಚ್ಚದೆ ಕಾಯುವದನ್ನು ನಮ್ಮ ಹಳ್ಳಿಯ ಹುಡುಗಿಯರು ಬಲ್ಲರು. ಹಾಗೆಯೇ ಆಕೆಯು ಕಾದಳು. ರಾಜಪುತ್ರಿಯು ಪೆಟ್ಟಿಗೆಯನ್ನು ತೆರೆದಾಗ ಅಂಜದೆ ಮುಂದೆ ಬಂದು, ಹೆತ್ತ ತಾಯಿಯನ್ನೇ ದಾದಿಯಾಗಿ ಕರೆತಂದಳು.

ಆ ಕೂಸು ಬೆಳೆದು 80 ವರುಷದವನಾಗಿ ಜನರನ್ನು ಐಗುಪ್ತದಿಂದ ಬಿಡಿಸಿತು. ಕೆಂಪು ಸಮುದ್ರವನ್ನು ದಾಟಿದ ದಿವಸ ಪ್ರವಾದಿನಿಯಾದ ಮಿರ್ಯಾಮಳು ದಮ್ಮಡಿಯನ್ನು ಹಿಡಿದು ಹಾಡಿದಳು; ಸ್ತ್ರೀಯರೆಲ್ಲರೂ ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಆಕೆಯ ಹಿಂದೆ ಹೊರಟರು.

ಆದರೆ ದೇವರನ್ನು ಸ್ತುತಿಸಿದ ಅದೇ ಬಾಯಿ ಹಚೇರೋತಿನಲ್ಲಿ ತಮ್ಮನನ್ನು ದೂಷಿಸಿತು. ಮೋಶೆಯು ಕೂಷ್ ದೇಶದ ಸ್ತ್ರೀಯನ್ನು ಮದುವೆಯಾದದ್ದು ನೆವ. ಪ್ರವಾದನೆಯ ವರವು ಅವನೊಬ್ಬನದೋ ಎಂಬ ಹೊಟ್ಟೆಕಿಚ್ಚು ಒಳಗಿನ ಕಾರಣ. ಆರೋನನೂ ಜೊತೆಗೂಡಿದನು, ಆದರೂ ಆಕೆಯ ಹೆಸರು ಮೊದಲು ಬಂದಿರುವದರಿಂದ ಮಾತೆತ್ತಿದವಳು ಆಕೆಯೇ ಎಂದು ತೋರುತ್ತದೆ. ಮೋಶೆಯು ಪ್ರತಿಯಾಡಲಿಲ್ಲ. ದೇವರು ತಾನೇ ನ್ಯಾಯತೀರಿಸಿದನು. ಮಿರ್ಯಾಮಳ ಚರ್ಮವು ಹಿಮದಂತೆ ಬೆಳ್ಳಗಾಯಿತು. ದೂಷಣೆಗೆ ಗುರಿಯಾದ ತಮ್ಮನೇ ಆಕೆಯ ಸ್ವಸ್ಥತೆಗಾಗಿ ಮೊರೆಯಿಟ್ಟನು. ಆಕೆಯು 7 ದಿವಸ ಪಾಳೆಯದ ಹೊರಗೆ ಇರಬೇಕಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಪಾಳೆಯದಲ್ಲಿ ಯುದ್ಧಕ್ಕೆ ಹೋಗತಕ್ಕ ಗಂಡಸರೇ 6,03,550 ಮಂದಿಯೆಂದು ಲೆಕ್ಕವಾಗಿತ್ತು. ಅಷ್ಟು ದೊಡ್ಡ ಸಮೂಹವು, ತಪ್ಪುಮಾಡಿದ ಒಬ್ಬ ಮುದುಕಿಯು ಒಳಗೆ ಸೇರುವ ತನಕ ಗುಡಾರ ಕೀಳಲಿಲ್ಲ, ಹೆಜ್ಜೆ ಇಡಲಿಲ್ಲ. ಶಿಕ್ಷೆಯೂ ಆಯಿತು, ಕಾಯುವಿಕೆಯೂ ಆಯಿತು. ಒಮ್ಮೆ ನಾನು ಸುಳ್ಳಾಡಿದ ಒಬ್ಬ ಹುಡುಗಿಯನ್ನು ತರಗತಿಯ ಹೊರಗೆ ನಿಲ್ಲಿಸಿ, ಪಾಠವನ್ನು ಮುಂದರಿಸಿ, ಗಂಟೆ ಬಾರಿಸಿದ ಮೇಲೆ ಅವಳನ್ನು ಮರೆತೇಬಿಟ್ಟೆನು. ಸಾಯಂಕಾಲ ಅವಳು ಅದೇ ಕಂಬದ ಬಳಿ ನಿಂತಿದ್ದಳು. ಶಿಕ್ಷಿಸುವದನ್ನು ನಾನು ಕಲಿತಿದ್ದೆನು, ಕಾಯುವದನ್ನು ಕಲಿತಿರಲಿಲ್ಲ. ಅಂದಿನಿಂದ ಈ ಅಧ್ಯಾಯವು ನನಗೆ ಉಪಾಧ್ಯಾಯಿನಿಯಾಗಿದೆ. ಬಾಲಿಕೆಯರೇ, ತಪ್ಪಿದ ಗೆಳತಿಯನ್ನು ಬಿಟ್ಟು ಮುಂದೆ ಓಡಬೇಡಿರಿ. ನೀವೇ ತಪ್ಪಿದರೆ, ನಿಮಗಾಗಿ ಮೊರೆಯಿಡುವ ಕರ್ತನಿದ್ದಾನೆಂಬದನ್ನು ಮರೆಯಬೇಡಿರಿ.

ಮಿರ್ಯಾಮಳು ಚಿನ್ ಅರಣ್ಯದ ಕಾದೇಶಿನಲ್ಲಿ ಸತ್ತು ಅಲ್ಲಿಯೇ ಹೂಣಲ್ಪಟ್ಟಳು. ವಾಗ್ದಾನದ ದೇಶವನ್ನು ಕಾಣಲಿಲ್ಲ. ಆ ಸ್ಥಳದಲ್ಲಿ ಜನರಿಗೆ ನೀರಿಲ್ಲದೆ ಹೋದಾಗ ದೇವರು ಬಂಡೆಯಿಂದ ನೀರು ಕೊಟ್ಟನು. ಸಾವನದುರ್ಗದಂಥ ಬೋಳು ಬಂಡೆಗಳನ್ನು ನೋಡುತ್ತಾ ಬೆಳೆಯುವ ನಮಗೆ ಅದು ಎಷ್ಟು ದೊಡ್ಡ ಕರುಣೆಯೆಂದು ವಿವರಿಸಬೇಕಾಗಿಲ್ಲ.

ಶತಮಾನಗಳ ತರುವಾಯ ಮೀಕ ಪ್ರವಾದಿಯು ಜನರ ಮುಂದೆ ಕಳುಹಿಸಲ್ಪಟ್ಟವರನ್ನು ಎಣಿಸುವಾಗ ಮೋಶೆ ಆರೋನರ ಸಂಗಡ ಆಕೆಯನ್ನೂ ಸೇರಿಸಿದನು. ಹಚೇರೋತಿನ ತಪ್ಪು ಆಕೆಯ ಹೆಸರನ್ನು ಅಳಿಸಲಿಲ್ಲ. ಆ ಹೆಸರೇ ಮುಂದೆ ಮರಿಯಳೆಂದು ನಮ್ಮ ಕರ್ತನ ತಾಯಿಗೆ ಬಂತು. ನಮ್ಮ ಹಾಜರಿ ಪುಸ್ತಕದಲ್ಲಿ ಮೇರಿ, ಮರಿಯಮ್ಮ ಎಂದು ಕರೆಯಲ್ಪಡುವವರು ಅದನ್ನು ನೆನಸಿಕೊಳ್ಳಲಿ.