ಟ್ಯೂಬಿನಿಂದ ನೇರ ಕ್ಯಾನ್ವಾಸಿಗೆ

27ನೇ ವಯಸ್ಸಿನಲ್ಲಿ ವಿನ್ಸೆಂಟ್ ವ್ಯಾನ್ ಗೋ ಬಯೊಡೇಟಾ ಬರೆದಿದ್ದರೆ ಯಾರೂ ಅವನನ್ನು ಸಂದರ್ಶನಕ್ಕೆ ಕರೆಯುತ್ತಿರಲಿಲ್ಲ. 1853ರಲ್ಲಿ ಹಾಲೆಂಡಿನ ಹಳ್ಳಿಯೊಂದರ ಪಾದ್ರಿಯ ಮನೆಯಲ್ಲಿ ಹುಟ್ಟಿದ ಹುಡುಗ 16ಕ್ಕೇ ಕಲಾಕೃತಿ ಮಾರುವ ಗೂಪಿಲ್ ಕಂಪನಿಗೆ ಸೇರಿದ. ಹೇಗ್, ಲಂಡನ್, ಪ್ಯಾರಿಸ್ ಶಾಖೆಗಳಲ್ಲಿ ದುಡಿದ ಮೇಲೆ 1876ರಲ್ಲಿ ಕೆಲಸ ಹೋಯಿತು. ಇಂಗ್ಲೆಂಡಿನಲ್ಲಿ ಶಾಲಾ ಮೇಷ್ಟ್ರಾದ. ಊರಿಗೆ ಮರಳಿ ಪುಸ್ತಕದಂಗಡಿಯಲ್ಲಿ ಕೂತ. ಪಾದ್ರಿಯಾಗಲೆಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಓದಲು ಹೋಗಿ ಅರ್ಧಕ್ಕೇ ಬಿಟ್ಟ. ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ನಡುವೆ ಧರ್ಮಪ್ರಚಾರಕನಾಗಿ ತನ್ನ ಬಟ್ಟೆಬರೆಯನ್ನೂ ಕೂಲಿಗಳಿಗೆ ಕೊಟ್ಟು ಹುಲ್ಲಿನ ಮೇಲೆ ಮಲಗತೊಡಗಿದಾಗ, ಇದು ಅತಿಯಾಯಿತೆಂದು ಚರ್ಚಿನವರೂ ಕೈಬಿಟ್ಟರು. 1880ರಲ್ಲಿ, ಎಲ್ಲ ಬಾಗಿಲು ಮುಚ್ಚಿದ ಮೇಲೆ, ಚಿತ್ರಕಾರನಾಗುತ್ತೇನೆಂದು ನಿರ್ಧರಿಸಿದ. ಖರ್ಚು ನೋಡಿಕೊಂಡವನು ಅವನಿಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ ಥಿಯೊ.

ವ್ಯಾನ್ ಗೋ ಅಂದರೆ ನಮಗೆ ನೆನಪಾಗುವುದು ಕತ್ತರಿಸಿದ ಕಿವಿ ಮತ್ತು ಹುಚ್ಚು. ದಪ್ಪ ದಪ್ಪನೆ ಮೆತ್ತಿದ ಆ ಬಣ್ಣವೂ ಹುಚ್ಚಿನ ಆವೇಶದ್ದೇ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅವನು ಕಲಿತ ದಾರಿ ನೋಡಿದರೆ ಹಾಗನ್ನಿಸುವುದಿಲ್ಲ. ಮೊದಲು ಶಾರ್ಲ್ ಬಾರ್ಗ್ ಎಂಬಾತನ ಡ್ರಾಯಿಂಗ್ ಕೋರ್ಸಿನ ಹಾಳೆಗಳನ್ನು ಒಂದೊಂದಾಗಿ ನಕಲು ಮಾಡಿದ. ಆಮೇಲೆ ಹೇಗ್‌ನಲ್ಲಿದ್ದ ಬಂಧು, ಹೆಸರಾಂತ ಚಿತ್ರಕಾರ ಆಂಟನ್ ಮೋವ್ ತೈಲವರ್ಣ ಹೇಳಿಕೊಟ್ಟ. ಪ್ಲಾಸ್ಟರ್ ಬೊಂಬೆಗಳನ್ನು ನೋಡಿ ಬರೆ ಎಂದಾಗ ಶಿಷ್ಯ ಸಿಟ್ಟಿಗೆದ್ದು ಬೊಂಬೆಗಳನ್ನು ಕಲ್ಲಿದ್ದಲಿನ ಡಬ್ಬಕ್ಕೆ ಎಸೆದು ಪುಡಿ ಮಾಡಿದ. ಗುರು-ಶಿಷ್ಯರ ಸಂಬಂಧವೂ ಹೆಚ್ಚು ದಿನ ಉಳಿಯಲಿಲ್ಲ.

1882ರ ಬೇಸಿಗೆಯ ಕೊನೆಯಲ್ಲಿ ಕಾಡಿನೊಳಗೆ ಕೂತು ಬೀಚ್ ಮರಗಳನ್ನು ಬರೆಯುತ್ತಿದ್ದ. ಎಲೆ ಉದುರಿದ ನೆಲವನ್ನು ಆಗಲೇ ಮಂದವಾಗಿ ಬಳಿದಾಗಿತ್ತು. ಅದರ ಮೇಲೆ ಬೇರು, ಕಾಂಡಗಳನ್ನು ಬರೆಯಲು ಹೋದರೆ ಕುಂಚದ ಗೆರೆ ಹಸಿ ಬಣ್ಣದಲ್ಲೇ ಹೂತುಹೋಗುತ್ತಿತ್ತು. ಒಣಗುವವರೆಗೆ ಕಾಯುವುದೊಂದು ದಾರಿ. ಅವನು ಟ್ಯೂಬನ್ನೇ ಎತ್ತಿ ಬೇರುಗಳನ್ನು ನೇರ ಕ್ಯಾನ್ವಾಸಿನ ಮೇಲೆ ಹಿಂಡಿದ, ಕುಂಚದಿಂದ ಸ್ವಲ್ಪ ರೂಪ ಕೊಟ್ಟ. ಮರಗಳು ಮಣ್ಣಿನಿಂದ ಎದ್ದು ನಿಂತ ಹಾಗೆ ಕಂಡವು. ತೈಲವರ್ಣ ಹಿಡಿದು ಇನ್ನೂ ವರ್ಷವೂ ಆಗದ ವಿದ್ಯಾರ್ಥಿ, ಎದುರಾದ ತೊಡಕಿಗೆ ಅಲ್ಲೇ ಹುಡುಕಿಕೊಂಡ ಉಪಾಯ ಅದು. ಇಂಪ್ಯಾಸ್ಟೊ ಎನ್ನುವ ಈ ದಪ್ಪ ಲೇಪ ಹೊಸದೇನಲ್ಲ, ರೆಂಬ್ರಾಂಟ್ ಕೂಡ ಬಳಸಿದ್ದ. ಆದರೆ ಓದಿ ತಿಳಿಯುವುದು ಬೇರೆ, ಕೈಯಿಂದ ಕಂಡುಕೊಳ್ಳುವುದು ಬೇರೆ. ಅದೇ ದಿನಗಳಲ್ಲಿ ಷೆವೆನಿಂಗನ್ ಕಡಲ ತೀರದಲ್ಲಿ ಬಿರುಗಾಳಿಗೆ ಎದುರಾಗಿ ಚಿತ್ರ ಬರೆಯುವಾಗ ಕ್ಯಾನ್ವಾಸಿನ ತುಂಬ ಮರಳು ಮೆತ್ತಿಕೊಂಡಿತು. ಕೆರೆದು ತೆಗೆದು ಮತ್ತೆ ಬರೆದ. ಆ ಚಿತ್ರದಲ್ಲಿ ಮರಳಿನ ಕಣಗಳು ಇಂದಿಗೂ ಇವೆ.

ಮುಂದೆ ನ್ಯೂನೆನ್ ಹಳ್ಳಿಯಲ್ಲಿ ಒಂದು ಚಳಿಗಾಲವಿಡೀ ರೈತರ ಮುಖಗಳನ್ನೇ ಬರೆದ, ಸುಮಾರು 40 ಮುಖಗಳು. 1885ರ ‘ಆಲೂಗಡ್ಡೆ ತಿನ್ನುವವರು’ ಚಿತ್ರಕ್ಕೆ ಅದೇ ತಯಾರಿ. ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣವೇ ಆ ಮುಖಗಳಿಗೆ ಬೇಕಿತ್ತು ಅವನಿಗೆ. ಅದರ ಮುದ್ರಿತ ಪ್ರತಿ ನೋಡಿ ಗೆಳೆಯನೊಬ್ಬ ಕಟುವಾಗಿ ಟೀಕಿಸಿದ್ದಕ್ಕೆ ಆ ಗೆಳೆತನ ಮುರಿಯಿತು.

1886ರ ಜನವರಿಯಲ್ಲಿ ಆಂಟ್‌ವರ್ಪ್‌ನ ಕಲಾ ಅಕಾಡೆಮಿಗೆ ಸೇರಿದ. ಆಗ ಅವನಿಗೆ 32. ನಿರ್ದೇಶಕ ವೆರ್ಲಾ ಅವರ ತರಗತಿಯಲ್ಲಿ ಇಬ್ಬರು ಕುಸ್ತಿಪಟುಗಳು ಮಾಡೆಲ್‌ಗಳಾಗಿ ನಿಂತಿದ್ದರು. ವ್ಯಾನ್ ಗೋ ಎಷ್ಟು ಬಿರುಸಾಗಿ, ಎಷ್ಟು ದಪ್ಪಗೆ ಬಳಿದನೆಂದರೆ ಬಣ್ಣ ಕ್ಯಾನ್ವಾಸಿನಿಂದ ನೆಲಕ್ಕೆ ತೊಟ್ಟಿಕ್ಕಿತೆಂದು ಸಹಪಾಠಿಯೊಬ್ಬ ಮುಂದೆ ನೆನಪಿಸಿಕೊಂಡಿದ್ದಾನೆ. ನಿರ್ದೇಶಕರು ಅವನನ್ನು ಡ್ರಾಯಿಂಗ್ ತರಗತಿಗೆ ಅಟ್ಟಿದರು. ಅಲ್ಲಿ ಸಿಬರ್ಟ್ ಎಂಬ ಮೇಷ್ಟ್ರು. ಅವರಿಗೆ ಮೊದಲು ಹೊರಗೆರೆ ನಿಖರವಾಗಿರಬೇಕು. ಶಿಷ್ಯನೋ ಗೆರೆ ಬಿಟ್ಟು ಮೈಕಟ್ಟಿನ ಉಬ್ಬು ತಗ್ಗುಗಳಿಂದಲೇ ಶುರು ಮಾಡುವವನು. ವೀನಸ್ ಪ್ರತಿಮೆಯನ್ನು ಅಗಲ ಸೊಂಟದ ಹಳ್ಳಿ ಹೆಂಗಸಿನಂತೆ ಬರೆದಿಟ್ಟ. ಮೇಷ್ಟ್ರು ತಿದ್ದಿದ ರಭಸಕ್ಕೆ ಹಾಳೆಯೇ ಹರಿಯಿತಂತೆ, ಇವನೂ ಬಾಯಿಗೆ ಬಂದಂತೆ ಕೂಗಾಡಿದನಂತೆ. ಪರೀಕ್ಷಕರು ಅವನನ್ನು ಆರಂಭಿಕರ ತರಗತಿಗೆ ಇಳಿಸಿದರು. ಆ ತೀರ್ಮಾನ ಹೊರಬೀಳುವ ಹೊತ್ತಿಗೆ ವಿದ್ಯಾರ್ಥಿ ಪ್ಯಾರಿಸ್ ರೈಲು ಹತ್ತಿ ಹೋಗಿಯಾಗಿತ್ತು.

ಈ ಕಥೆಯಲ್ಲಿ ಮೇಷ್ಟ್ರನ್ನು ಖಳನಾಯಕ ಮಾಡುವುದು ಸುಲಭ. ನನಗೆ ಹೆಚ್ಚು ಕುತೂಹಲ ಮೂಡಿಸುವುದು ಮುಂದಿನದು. ಪ್ಯಾರಿಸ್‌ಗೆ ಹೋದವನು ಮತ್ತೆ ಕಾರ್ಮೊನ್ ಎಂಬ ಕಲಾವಿದನ ಸ್ಟುಡಿಯೊ ಸೇರಿ, ಒಮ್ಮೆ ತಾನೇ ಒಡೆದು ಹಾಕಿದಂಥ ಪ್ಲಾಸ್ಟರ್ ಬೊಂಬೆಗಳ ಮುಂದೆ ಕೂತು ಅಭ್ಯಾಸ ಮಾಡಿದ. ಮಾಡೆಲ್‌ಗಳಿಗೆ ಕೊಡಲು ದುಡ್ಡಿರಲಿಲ್ಲ, ಹೂದಾನಿಗಳನ್ನು ಬರೆದ. ಮೊಂಟಿಚೆಲ್ಲಿ ಎಂಬ ಚಿತ್ರಕಾರನ ಗಟ್ಟಿ ಲೇಪದ ಹೂಗಳನ್ನು ನೋಡಿ ಮರುಳಾದ. ಯಾವ ಬಣ್ಣದ ಪಕ್ಕ ಯಾವುದು ಹೊಳೆಯುತ್ತದೆಂದು ನೋಡಲು ಬೇರೆ ಬೇರೆ ಬಣ್ಣದ ಉಣ್ಣೆ ನೂಲುಗಳನ್ನು ಜೊತೆಯಾಗಿ ಸುತ್ತಿ ಉಂಡೆ ಮಾಡಿಟ್ಟುಕೊಂಡಿದ್ದ. ಆ ಉಂಡೆಗಳ ಪೆಟ್ಟಿಗೆ ಈಗ ಆಮ್‌ಸ್ಟರ್‌ಡ್ಯಾಮ್‌ನ ಮ್ಯೂಸಿಯಂನಲ್ಲಿದೆ.

1888ರ ಫೆಬ್ರುವರಿಯಲ್ಲಿ ಫ್ರಾನ್ಸಿನ ದಕ್ಷಿಣದ ಆರ್ಲ್‌ಗೆ ಹೋದ ಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಸೂರ್ಯಕಾಂತಿಗಳು, ಗೊಗ್ಯಾನ್ ಜೊತೆಗಿನ ಜಗಳ, ಕಿವಿ, ಸೇಂಟ್ ರೆಮಿಯ ಆಸ್ಪತ್ರೆ, ಅಲ್ಲಿ ಬರೆದ ‘ತಾರೆಗಳ ರಾತ್ರಿ’. ಕಾಯಿಲೆ ಉಲ್ಬಣಿಸಿದ ದಿನಗಳಲ್ಲಿ ಬಹುಪಾಲು ಅವನು ಕೆಲಸ ಮಾಡುತ್ತಲೇ ಇರಲಿಲ್ಲ, ಚೇತರಿಸಿಕೊಂಡಾಗ ಬರೆಯುತ್ತಿದ್ದ. ಜನರ ಕಣ್ಣಿಗೆ ಬೀಳದಿರುವುದು ಖರ್ಚಿನ ಲೆಕ್ಕ. ದಪ್ಪಗೆ ಬಳಿಯುವವನಿಗೆ ಬಣ್ಣ ಹರಿದು ಹೋಗುತ್ತದೆ. ಆರ್ಲ್‌ನಿಂದ ತಮ್ಮನಿಗೆ ಕಳಿಸಿದ ಒಂದು ಪಟ್ಟಿಯಲ್ಲಿ ಬೆಳ್ಳಿ ಬಿಳುಪು ಒಂದರದ್ದೇ 20 ದೊಡ್ಡ ಟ್ಯೂಬುಗಳಿದ್ದವು. ಮಂದ ಲೇಪ ಒಣಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಅಷ್ಟು ತಾಳ್ಮೆಯೂ ಜಾಗವೂ ಇಲ್ಲದೆ ಕ್ಯಾನ್ವಾಸುಗಳನ್ನು ಒಂದರ ಮೇಲೊಂದು ಪೇರಿಸಿದ್ದರಿಂದ ಎಷ್ಟೋ ಚಿತ್ರಗಳಲ್ಲಿ ಬಣ್ಣದ ಏಣುಗಳು ಚಪ್ಪಟೆಯಾಗಿವೆ, ಮೇಲಿದ್ದ ಬಟ್ಟೆಯ ನೇಯ್ಗೆ ಅಚ್ಚೊತ್ತಿದೆ. ಅವನ ಪ್ರಿಯ ಕ್ರೋಮ್ ಹಳದಿ ಬೆಳಕಿಗೆ ಕಂದುತ್ತದೆ. ನಾವು ಈಗ ನೋಡುವ ಸೂರ್ಯಕಾಂತಿ ಅವನು ನೋಡಿದಷ್ಟು ಹಳದಿಯಲ್ಲ.

1890ರ ಜುಲೈ 29ರಂದು, 37ನೇ ವಯಸ್ಸಿನಲ್ಲಿ, ಗುಂಡೇಟಿನ ಗಾಯದಿಂದ ತೀರಿಕೊಂಡ. ಹತ್ತು ವರ್ಷಗಳಲ್ಲಿ 800ಕ್ಕೂ ಹೆಚ್ಚು ತೈಲಚಿತ್ರಗಳು. ಆ ವರ್ಷದ ಆರಂಭದಲ್ಲಷ್ಟೇ ‘ಕೆಂಪು ದ್ರಾಕ್ಷಿ ತೋಟ’ ಚಿತ್ರವನ್ನು ಆನ್ನಾ ಬಾಕ್ ಎಂಬ ಕಲಾವಿದೆ 400 ಫ್ರಾಂಕ್ ಕೊಟ್ಟು ಕೊಂಡಿದ್ದಳು. ಆರೇ ತಿಂಗಳಲ್ಲಿ ಥಿಯೊ ಕೂಡ ಹೋದ. ಚಿತ್ರಗಳನ್ನೂ ಪತ್ರಗಳನ್ನೂ ಕಾಪಾಡಿ ಜಗತ್ತಿಗೆ ತೋರಿಸಿದವಳು ಥಿಯೊನ ಹೆಂಡತಿ ಯೊಹಾನ್ನಾ. ಆಕೆಯ ಬಗ್ಗೆಯೇ ಬೇರೊಂದು ಲೇಖನ ಬರೆಯಬೇಕು.

ಅಮೆರಿಕದ ಕಾನ್ಸಾಸ್ ಸಿಟಿಯ ಮ್ಯೂಸಿಯಂನಲ್ಲಿ ಅವನ 1889ರ ಆಲಿವ್ ಮರಗಳ ಚಿತ್ರವೊಂದಿದೆ. 2017ರಲ್ಲಿ ಸಂರಕ್ಷಣಾ ತಜ್ಞೆಯೊಬ್ಬರು ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವಾಗ ಕೆಳಭಾಗದ ದಪ್ಪ ಬಣ್ಣದಲ್ಲಿ ಏನೋ ಕಂಡಿತು. ಮೊದಲು ಒಣಗಿದ ಎಲೆ ಎಂದುಕೊಂಡರು. ನೋಡಿದರೆ ಪುಟ್ಟ ಮಿಡತೆ. ಸುತ್ತಲಿನ ಬಣ್ಣದಲ್ಲಿ ಒದ್ದಾಡಿದ ಗುರುತಿರಲಿಲ್ಲ, ಬಂದು ಬೀಳುವ ಮೊದಲೇ ಅದು ಸತ್ತಿತ್ತು. 128 ವರ್ಷಗಳಿಂದ ಅದು ಅಲ್ಲೇ ಇತ್ತು.